ಹುಳು ತಲೆ ಎತ್ತಿದ ಸಂಜೆ

ಕೋಲಾರದ ಕಾಲೇಜಿಗೆ ಸೇರಿ ಮೂರು ತಿಂಗಳಾಗುವಷ್ಟರಲ್ಲಿ ಸುಗಟೂರಿನ ಆಂಜಿನಪ್ಪ ಸಿಗರೇಟು ಕಲಿತುಬಿಟ್ಟ. ಎಂಬತ್ಮೂರನೇ ಇಸವಿಯಲ್ಲಿ ಬಸ್ ಸ್ಟ್ಯಾಂಡಿನ ಹುಡುಗರಿಗೆಲ್ಲ ಅದೇ ಗೀಳು. ಬೀಡಿ ಅಪ್ಪಂದಿರದು, ಸಿಗರೇಟು ತಮ್ಮದು. ಊರಿನ ಬಸ್ಸು ಹತ್ತುವ ಮುಂಚೆ ಬಾಯಿಗೆ ಎರಡು ಏಲಕ್ಕಿ ಹಾಕಿಕೊಂಡರೆ ಮುಗಿಯಿತು. ಅಮ್ಮನಿಗೂ ತಿಳಿಯಲಿಲ್ಲ, ಮೇಷ್ಟರಿಗೂ ತಿಳಿಯಲಿಲ್ಲ. ಮಹಾ ಬುದ್ಧಿವಂತ!

ಮನೆಯಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ನಿದ್ದೆ. ಅದರಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮೇಯುವ ಸದ್ದು ಜಡಿಮಳೆ ಹಿಡಿದಂತಿರುತ್ತದೆ. ಅಮ್ಮ ಮುನಿಗಂಗಮ್ಮ ಇಪ್ಪತ್ತು ದಿನದಿಂದ ನಿದ್ದೆಗೆಟ್ಟು ಸಾಕಿದ ಹುಳು. ಹುಳುವಿಗೆ ತಂಬಾಕು ವಿಷವೆಂದು ಅಪ್ಪ ಕದಿರಪ್ಪನಂತೂ ಬೀಡಿ ಸೇದಿದರೆ ಸ್ನಾನ ಮಾಡದೆ ಹುಳುಮನೆಗೆ ಕಾಲಿಡುತ್ತಿರಲಿಲ್ಲ.

ಅವತ್ತು ಸಂಜೆ ಬಸ್ಸಿಳಿದು ಬಂದವನಿಗೆ ಅಮ್ಮ, "ಲೇ ಆಂಜಿ, ಆ ಮೂಲೇಲಿರೋ ಮೂರು ತಟ್ಟೆಗೆ ಸೊಪ್ಪು ಹಾಕೋ" ಎಂದಳು. ಹಾಕಿದ.

ಸ್ವಲ್ಪ ಹೊತ್ತಿಗೆ ಆ ಮೂಲೆಯ ಮಳೆ ನಿಂತುಹೋಯಿತು.

ಬಗ್ಗಿ ನೋಡಿದ. ಮೂರೂ ತಟ್ಟೆಯ ಹುಳುಗಳು ತಲೆ ಎತ್ತಿ ಅಲ್ಲಾಡಿಸುತ್ತಿದ್ದವು, ಕೆಲವು ಹಸಿರು ನೀರು ಕಾರುತ್ತಿದ್ದವು. ಪಕ್ಕದ ತಟ್ಟೆಗಳಲ್ಲಿ ಅಮ್ಮ ಹಾಕಿದ ಅದೇ ಸೊಪ್ಪನ್ನು ಹುಳುಗಳು ಎಂದಿನಂತೆ ಮೇಯುತ್ತಿದ್ದವು. ಆಂಜಿನಪ್ಪ ತನ್ನ ಬೆರಳು ಮೂಸಿಕೊಂಡ. ಬಾಯಿಗೇನೋ ಏಲಕ್ಕಿ ಹಾಕಿಕೊಂಡಿದ್ದ, ಬೆರಳು ತೊಳೆದಿರಲಿಲ್ಲ. ಮೂಗೆಲ್ಲಿದೆ ಎಂದೇ ಕಾಣದ ಈ ಹುಳು, ಊರಿಗೆಲ್ಲ ಮುಚ್ಚಿಟ್ಟಿದ್ದನ್ನು ಕಂಡುಹಿಡಿದುಬಿಟ್ಟಿತಲ್ಲ!

"ಸೊಪ್ಪಿಗೇನೋ ಆಗೈತೆ. ಪೂರ್ತಿ ಹೋಯ್ತು ನನ್ ಹುಳ!" ಅಮ್ಮ ಉಳಿದ ಸೊಪ್ಪನ್ನೆಲ್ಲ ತಿಪ್ಪೆಗೆ ಸುರಿಯಲು ಬಾಚಿಕೊಂಡಳು. ಅದನ್ನೂ ಸುರಿದರೆ ಮಿಕ್ಕ ಹುಳು ಉಪವಾಸ. ಆಂಜಿನಪ್ಪ ಅವಳಿಗೆ ಅಡ್ಡ ಬಂದ.

"ಸೊಪ್ಪಲ್ಲಮ್ಮಾ. ನನ್ ಕೈ."

ಅಮ್ಮ ಅವನ ಬೆರಳು ಹಿಡಿದು ಮೂಸಿದಳು. ಬೈಯಲಿಲ್ಲ. "ನೀನ್ ಮುಟ್ಬೇಡ. ಕಿಟಕಿ ತೆಗಿ" ಎಂದಷ್ಟೇ ಹೇಳಿ ಹಳೆ ಸೊಪ್ಪು ತೆಗೆದು ಹೊಸದು ಹಾಕಿದಳು. ಬೆಳಗಾಗುವ ವೇಳೆಗೆ ಎರಡು ತಟ್ಟೆಯ ಹುಳುಗಳು ಚೇತರಿಸಿಕೊಂಡವು. ಇನ್ನೊಂದರ ಹುಳುಗಳನ್ನು ಅಪ್ಪ ತೋಟದಾಚೆ ಹೂತು ಬಂದ.

ಮುಂದಿನ ಬೆಳೆಯ ಹುಳು ಜ್ವರ ಎದ್ದ ದಿನ ಅಮ್ಮ ಅವನನ್ನು ಕರೆದು, ಬೇರೆ ತಟ್ಟೆಯಲ್ಲಿಟ್ಟ ಒಂದೇ ಒಂದು ಹುಳುವನ್ನು ಮುಂದಿಟ್ಟಳು. "ಸೊಪ್ಪು ಕೊಡು, ನಿನ್ ಕೈಯಿಂದ್ಲೇ. ನಂಗೇನೂ ಹೇಳ್ಬೇಡ. ಅದೇ ಹೇಳ್ಲಿ."

ತಿಂಗಳಿಂದ ಅವನು ಸೇದಿರಲಿಲ್ಲ. ಮಧ್ಯಾಹ್ನವಷ್ಟೇ ಗೆಳೆಯರು ಪ್ಯಾಕು ಚಾಚಿದಾಗಲೂ ಕೈ ಹಿಂದೆ ಕಟ್ಟಿಕೊಂಡಿದ್ದ. ಒಂದು ಎಲೆ ಎತ್ತಿ ಹುಳುವಿನ ಮುಂದೆ ಹಿಡಿದ.

ಹುಳು ತಲೆ ಎತ್ತಿತು. ಆಂಜಿನಪ್ಪ ಉಸಿರು ಬಿಗಿಹಿಡಿದ.

ಅದು ತಲೆ ಬಗ್ಗಿಸಿ, ಅವನ ಬೆರಳ ಪಕ್ಕದಿಂದಲೇ ಮೇಯತೊಡಗಿತು.