ಮರ್ದಾನಸಾಬನ ಎರಡು ದಿನ

ಕೃತ್ತಿಕಾ ಮಳೆ ಒಂದು ಹನಿಯನ್ನೂ ಕೊಡದೆ ಅರ್ಧ ಕಳೆದಿತ್ತು. ರೋಹಿಣಿಗೆ ಇನ್ನು ಎಂಟು ದಿನ. ಹರ್ತಿಯ ಎರಿ ಹೊಲಗಳಲ್ಲಿ ಕರಕಿ ಹುಲ್ಲು ಕಡಿಯುವ ಕೆಲಸ ನಡೆದಿತ್ತು. ಬಿಸಿಲಿಗೆ ಕಪ್ಪು ನೆಲ ತೋಳುದ್ದ ಬಿರಿದಿತ್ತು. ಆ ಬಿರುಕಿಗೆ ಕಬ್ಬಿಣದ ಹಾರಿ ಇಳಿಸಿ, ಮೂವರು ಕೂಡಿ ಮೈಭಾರ ಬಿಟ್ಟು ಮೀಟಿದರೆ ಎಮ್ಮೆಯ ತಲೆಯಷ್ಟು ದೊಡ್ಡ ಹೆಂಟೆ ಏಳುತ್ತಿತ್ತು. ಅದರ ಅಡಿಯಿಂದ ಕರಕಿಯ ಬೇರು ಹುರಿಹಗ್ಗದ ಹಾಗೆ ಜೋತಾಡುತ್ತಿತ್ತು. ಬೇಸಿಗೆಯಲ್ಲಿ ಹೀಗೆ ಕಿತ್ತು ಒಣಗಿಸದಿದ್ದರೆ ಮಳೆಗಾಲದಲ್ಲಿ ಹೊಲ ಬೆಳೆಗೆ ಉಳಿಯುವುದಿಲ್ಲ.

ಇದೇ ದಿನಗಳಲ್ಲಿ ಊರಿಗೆ ಇನ್ನೊಂದು ಕೆಲಸವಿತ್ತು. ಮಳೆಗೆ ಮನೆ ಸೋರದಂತೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವುದು. ಅದಕ್ಕೆ ಎರಿ ಮಣ್ಣು ನಡೆಯುವುದಿಲ್ಲ. ಹೊಲದಲ್ಲಿ ಬಾಯಿ ಬಿಟ್ಟ ಹಾಗೆ ಅದು ಮಾಳಿಗೆಯ ಮೇಲೂ ಬಾಯಿ ಬಿಡುತ್ತದೆ. ಹತ್ತಿರ ಸಿಗುತ್ತದೆಂದು ಎರಿಯನ್ನೇ ಹಾಕಿಸಿದ ಮೂಕಪ್ಪ ಮೊದಲ ಮಳೆಯ ದಿನ ಮನೆಯೊಳಗೆ ಕಂಬಳಿ ಕೊಪ್ಪೆ ಹೊದ್ದುಕೊಂಡು ಉಂಡನೆಂದು ಈಗಲೂ ನಗುತ್ತಾರೆ. ಮಾಳಿಗೆಗೆ ಬೇಕಾದದ್ದು ಸವಳು ಮಣ್ಣು. ಅದು ಊರ ದನ ಮೇಯುವ ಗಾಯರಾಣದ ತಗ್ಗಿನಲ್ಲಿ, ಹುಲ್ಲು ಕೂಡ ಹುಟ್ಟದ ಬೂದು ನೆಲದಲ್ಲಿ ಮಾತ್ರ ಸಿಗುತ್ತಿತ್ತು. ಊರಿಂದ ಒಂದೂವರೆ ಮೈಲು. ಬೆಳಗಾದರೆ ಗಾಡಿಗಳು ಅತ್ತ ಹೋಗುತ್ತಿದ್ದವು.

ಆ ಗಾಡಿಗಳ ದಾರಿಯ ಬದಿಯಲ್ಲಿ ಮೋತಿಬಿ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು. ಮೂರು ದಿನದಲ್ಲಿ ಹನ್ನೊಂದು ಬುಟ್ಟಿ ತಂದಿದ್ದಳು. ಅವಳ ಮಾಳಿಗೆಗೆ ಎರಡು ಗಾಡಿ ಮಣ್ಣು ಬೇಕಿತ್ತು. ಹನ್ನೊಂದು ಬುಟ್ಟಿಗೆ ಬೆಳಕಿಂಡಿಯ ಸುತ್ತಲಿನ ಜಾಗ ಕೂಡ ಮುಚ್ಚಿರಲಿಲ್ಲ.

ಅವಳ ಗಂಡ ಮರ್ದಾನಸಾಬ ಹೊಸ ಇಸವಿ ಎಪ್ಪತ್ತೆಂಟು ಹುಟ್ಟಿದ ವಾರದಲ್ಲೇ ತೀರಿಕೊಂಡಿದ್ದ. ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಹಿಡಿದು ಮನೆಯೊಳಗೆ ಕೂತಿದ್ದವಳು ಹೊಸ್ತಿಲು ದಾಟಿ ಇನ್ನೂ ವಾರವಾಗಿರಲಿಲ್ಲ. ಮಕ್ಕಳಿರಲಿಲ್ಲ. ಹೊಲವೂ ಇರಲಿಲ್ಲ, ಎತ್ತೂ ಇರಲಿಲ್ಲ. ಆದರೆ ಎತ್ತಿಲ್ಲವೆಂದು ಮರ್ದಾನಸಾಬ ಒಂದು ವರ್ಷವೂ ಮಾಳಿಗೆ ಸೋರಲು ಬಿಟ್ಟವನಲ್ಲ. ಊರು ನಡೆಯುತ್ತಿದ್ದುದು ಮುಯ್ಯಿಯ ಮೇಲೆ. ಇವತ್ತು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಕೆಲಸಕ್ಕೆ ಬರಬೇಕು; ಎತ್ತು ಗಾಡಿ ಒಂದು ದಿನ ಬಂದರೆ ಆಳು ಮೂರು ದಿನ ಹೋಗಬೇಕು. ಹಿಂದಿನ ಬೇಸಿಗೆಯಲ್ಲಿ ತಿರಕಪ್ಪನ ಗಾಡಿ ಬಂದು ಮಣ್ಣು ಹಾಕಿ ಹೋಗಿತ್ತು. ಮರ್ದಾನಸಾಬ ಶೇಂಗಾ ಕೀಳುವಾಗ ಒಂದು ದಿನ ಹೋಗಿ ಬಂದಿದ್ದ. ಉಳಿದ ಎರಡು ದಿನವನ್ನು ಜೋಳದ ಸುಗ್ಗಿಗೆ ಎಂದು ಇಟ್ಟುಕೊಂಡಿದ್ದ. ಸುಗ್ಗಿ ಬಂತು, ಅವನು ಇರಲಿಲ್ಲ.

ಮರ್ದಾನಸಾಬನಿಗೆ ಮಣ್ಣು ಕೊಟ್ಟ ಮೂರನೆಯ ದಿನ ತಿರಕಪ್ಪ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ವಸ್ತ್ರ ತೆಗೆದು ಹೇಳಿದ್ದ: "ಸತ್ತವರ ಮುಯ್ಯಿ ಅವರ ಸಂಗಾಟ ಹೋತಕ್ಕಾ. ಆ ಎರಡ ದಿನ ನಾ ಬಿಟ್ಟೀನಿ. ಮನಸಿನ್ಯಾಗ ಇಟ್ಕೋಬ್ಯಾಡ."

ಒಳ್ಳೆಯ ಮನುಷ್ಯ ಎಂದು ಎಲ್ಲರೂ ಅಂದರು. ಮೋತಿಬಿಯೂ ಅಂದುಕೊಂಡಿದ್ದಳು. ಆ ಮಾತಿನ ಅರ್ಥ ಅವಳಿಗೆ ತಿಳಿದದ್ದು ಹೊರಗೆ ಬಂದ ಮೇಲೆ. ನಸುಕಿನಲ್ಲಿ ಅದೇ ಓಣಿಯ ಕಳಕವ್ವ, ಕೊಯ್ದ ಹೊಲದಲ್ಲಿ ಉಳಿದ ಜೋಳದ ಕೂಳಿ ಆಯಲು ಹೆಂಗಸರನ್ನು ಮನೆಮನೆಗೆ ಕೂಗಿ ಕರೆಯುತ್ತ ಬರುತ್ತಿದ್ದಳು. ಮೋತಿಬಿಯ ಬಾಗಿಲಿಗೆ ಬಂದಾಗ ಕೂಗು ನಿಲ್ಲುತ್ತಿತ್ತು. ಆಮೇಲೆ ಮುಂದಿನ ಮನೆಯ ಹೆಸರು ಕೇಳಿಸುತ್ತಿತ್ತು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಮುಯ್ಯಿ ಮನ್ನಾ ಆದ ಮನೆಯನ್ನು ಯಾರು ಕರೆಯುತ್ತಾರೆ? ಕೊಡುವುದಿಲ್ಲದವರ ಬಳಿ ಕೇಳುವುದೂ ಇಲ್ಲ. ಅವಳಿಗೆ ಸಾರು ಕೊಟ್ಟರು, ರೊಟ್ಟಿ ಕೊಟ್ಟರು, ಮೆತ್ತಗೆ ಮಾತಾಡಿದರು. ಕೆಲಸಕ್ಕೆ ಮಾತ್ರ ಕರೆಯಲಿಲ್ಲ.

ರೋಹಿಣಿಯೊಳಗೆ ಮಣ್ಣು ಬೀಳದಿದ್ದರೆ ಮಾಳಿಗೆ ಹೊತ್ತ ಜಂತಿ ನೆನೆಯುತ್ತವೆ. ಒಂದು ಮಳೆಗಾಲ ನೆನೆದ ಮನೆ ಇನ್ನೊಂದಕ್ಕೆ ನಿಲ್ಲುವುದಿಲ್ಲ. ಮಲ್ಲಸಮುದ್ರದಲ್ಲಿದ್ದ ತಮ್ಮ ಅಬ್ದುಲಗನಿ ಬಂದುಬಿಡು ಎಂದು ಆಗಲೇ ಎರಡು ಸಲ ಹೇಳಿ ಕಳಿಸಿದ್ದ. ಅಲ್ಲಿ ಒಲೆಯ ಪಕ್ಕ ಹಾಸಿಗೆಯಷ್ಟು ಜಾಗ ಸಿಗುತ್ತಿತ್ತು. ಹೆಸರು ಹಿಡಿದು ಕರೆಯುವಂಥ ಕೆಲಸ ಅಲ್ಲಿಯೂ ಸಿಗುತ್ತಿರಲಿಲ್ಲ.

ಹನ್ನೊಂದನೆಯ ಬುಟ್ಟಿ ಸುರುವಿದ ಸಂಜೆ ಅವಳು ತಿರಕಪ್ಪನ ಮನೆಗೆ ಹೋದಳು. ಅವನು ಎತ್ತಿಗೆ ಕಣಿಕೆ ಹಾಕುತ್ತಿದ್ದ.

"ತಿರಕಪ್ಪಾ, ನಾಳಿಗಿ ನಿಮ್ಮ ಹೊಲಕ್ಕ ಬರ್ತೀನಿ. ಅವರದು ಎರಡ ದಿನ ಐತಲ್ಲ."

"ಅಕ್ಕಾ, ಅದನ್ನ ಅವತ್ತ ಬಿಟ್ಟೀನಂತ ಹೇಳೀನಿ. ಮತ್ಯಾಕ ಕೆದರತಿ?"

"ನೀ ಬಿಟ್ಟಿ. ನಾ ಬಿಟ್ಟಿಲ್ಲ."

"ಮಾಳಗಿ ಚಿಂತಿ ಹತ್ತೇತೇನ? ಗಾಡಿ ಕಳಸ್ತೀನಿ ತಗೋ. ಧರ್ಮಕ್ಕ ಅನ್ಕೋ."

"ಈ ವರ್ಷ ಧರ್ಮಕ್ಕ. ಬರೋ ವರ್ಷ?"

"ಬರೋ ವರ್ಷದ್ದು ಬರೋ ವರ್ಷ ನೋಡಿದ್ರಾತು." ಅವನು ಕಣಿಕೆಯ ಧೂಳನ್ನು ಧೋತರಕ್ಕೆ ಒರೆಸಿಕೊಂಡ. "ಈಗ ಹೊಲದಾಗ ಇರೂದು ಕರಕಿ ಕಡಿಯೋ ಕೆಲಸ. ಗಂಡ ಸತ್ತಾಕಿ ಕಡಿಂದ ಹಾರಿ ಹಿಡಿಸ್ಯಾನಂತ ಮಂದಿ ನನ್ನ ಮಾರಿಗೆ ಉಗಳ್ತಾರ. ಮನಿಗಿ ನಡಿಯಕ್ಕಾ."

ಮರುದಿನ ಹೊತ್ತು ಹುಟ್ಟುವ ಮೊದಲೇ ಮೋತಿಬಿ ಮರ್ದಾನಸಾಬನ ಹಾರಿ ಹೊತ್ತು ತಿರಕಪ್ಪನ ಹೊಲದಲ್ಲಿದ್ದಳು.

ಅದು ಹದಿನಾಲ್ಕು ಎಕರೆಯ ಒಂದೇ ತುಂಡು. ನಡುವೆ ಒಂದು ಗಿಡವಿಲ್ಲ. ದೂರದಲ್ಲಿ ಕಪ್ಪತಗುಡ್ಡ ಬಿಸಿಲಿಗೆ ಮಸುಕಾಗಿ ಕಾಣುತ್ತಿತ್ತು. ತಿರಕಪ್ಪ ಮತ್ತು ಅವನ ಇಬ್ಬರು ಮುಯ್ಯಾಳುಗಳು ಬಂದು ಅವಳನ್ನು ಕಂಡರು. ಹೊಲದ ಇನ್ನೊಂದು ತುದಿಗೆ ಹೋಗಿ ಕೆಲಸ ಹಿಡಿದರು. ಅವರ ಹಾರಿಗಳ ಸದ್ದು ಒಮ್ಮೆಗೇ ಕೇಳುತ್ತಿತ್ತು, ಆಮೇಲೆ ಹೆಂಟೆ ಹೊರಳುವ ಸದ್ದು. ಮೋತಿಬಿಯ ಹಾರಿ ಒಂದೇ. ದೊಡ್ಡ ಹೆಂಟೆ ಅವಳ ಭಾರಕ್ಕೆ ಏಳುತ್ತಿರಲಿಲ್ಲ. ಅದನ್ನು ಅಂಚಿನಿಂದ ಚೂರುಚೂರಾಗಿ ಒಡೆದು ಬೇರು ಎಳೆಯುತ್ತಿದ್ದಳು.

ಬೇರಿಗೆಂದು ಬಗ್ಗಿದಾಗ ಬಿರುಕಿನಿಂದ ಕಾವು ಮುಖಕ್ಕೆ ಬಡಿಯಿತು, ಆರಿದ ಒಲೆಯಿಂದ ಬರುವಂಥದ್ದು. ಒಂದು ವರ್ಷ ಗ್ರಾಮಸೇವಕ ಚಾವಡಿಯಲ್ಲಿ ಜನರನ್ನು ಕೂಡಿಸಿ, ಈ ಎರಿ ಎಲ್ಲಾ ಒಂದು ಕಾಲಕ್ಕೆ ಬೆಂಕಿಯಲ್ಲಿ ಕುದ್ದು ಕರಗಿದ ಕಲ್ಲು, ಲಕ್ಷಗಟ್ಟಲೆ ವರ್ಷ ಸವೆದು ಹೀಗೆ ಆಗಿದೆ ಎಂದು ಹೇಳಿದ್ದ. ಮರ್ದಾನಸಾಬ ಮನೆಗೆ ಬಂದು ಅದನ್ನು ಅವಳಿಗೆ ಹೇಳಿ, "ಅದಕ್ಕ ನೋಡು, ಎಷ್ಟ ಕುಡುದ್ರೂ ಇದರ ನೀರಡಿಕಿ ಹೋಗಂಗಿಲ್ಲ" ಎಂದು ನಕ್ಕಿದ್ದ. ಆ ಮಾತು ಈಗ ನೆನಪಾಗಿ ಮೋತಿಬಿ ತಲೆಯೆತ್ತಿದಳು. ಯಾರಿಗಾದರೂ ಹೇಳಬೇಕೆನಿಸಿತು. ಗಂಡಸರು ಕೂಗಿದರೂ ಕೇಳದಷ್ಟು ದೂರದಲ್ಲಿದ್ದರು. ಅವಳು ಮತ್ತೆ ಬಗ್ಗಿದಳು.

ಮಧ್ಯಾಹ್ನಕ್ಕೆ ತಿರಕಪ್ಪ ಬಂದ. ಅವಳು ಕಡಿದದ್ದು ಎರಡು ಹೊರಸು ಹಾಸುವಷ್ಟು ಜಾಗ.

"ಭಾಳ ಮಾಡೀಯಕ್ಕಾ. ಸಾಕು, ರೊಟ್ಟಿ ತಿಂದು ಮನಿಗಿ ಹೋಗು."

ಮೋತಿಬಿ ಅವನ ಮುಖ ನೋಡಲಿಲ್ಲ. ಅಂಬೆಗಾಲಿಡುವ ಕೂಸನ್ನು ಹೊಗಳುವ ದನಿ ಅದು.

ರೊಟ್ಟಿಯ ಗಂಟು ತಂದಿದ್ದವಳು ತಿರಕಪ್ಪನ ತಾಯಿ ಫಕ್ಕೀರವ್ವ. ಎಪ್ಪತ್ತು ದಾಟಿದ್ದರೂ ಹೊಲದ ಯಜಮಾನಿಕೆ ಬಿಟ್ಟವಳಲ್ಲ. ಗಂಟನ್ನು ಮಗನ ಕೈಗೆ ಕೊಟ್ಟು, ಕೋಲೂರುತ್ತ ಬಂದು ಮೋತಿಬಿ ಕಡಿದ ಜಾಗದಲ್ಲಿ ನಿಂತಳು. ಕೋಲಿನ ತುದಿಯಿಂದ ಮಣ್ಣು ಕೆದಕಿದಳು.

"ಇದನ್ನ ಯಾರ ಕಡದಾರ?"

"ನಾನ, ಆಯಿ."

"ಕಣ್ಣ ಕಟಗೊಂಡು ಕಡದಿಯೇನ? ಇಲ್ಲಿ ನೋಡು, ಗೆಣ್ಣ ಒಳಗ ಉಳದೈತಿ. ಮಳಿ ಬಿತ್ತಂದ್ರ ನಿನ್ನ ಹೆಸರ ಹೇಳ್ಕೊಂತ ಚಿಗೀತೈತಿ."

"ಎವ್ವಾ, ಸುಮ್ನಿರು," ಎಂದ ತಿರಕಪ್ಪ. "ಪಾಪ, ಆಕಿ—"

"ಏನ ಪಾಪ? ಮುಯ್ಯಿಗೆ ಬಂದಾಳೋ ರೊಟ್ಟಿ ತಿಂದು ಹೋಗಾಕ ಬಂದಾಳೋ?"

"ಮುಯ್ಯಿಗೆ," ಎಂದಳು ಮೋತಿಬಿ.

"ಹಂಗಾರ ಈ ಹೊತ್ತಿಂದು ಅರ್ಧ ದಿನ. ಸಂಜೀತನಕ ಕಡದ್ರೂ ಅರ್ಧ. ಇಂಥಾ ಕೆಲಸಕ್ಕ ಪೂರಾ ಹಿಡಿಯಾಂಗಿಲ್ಲ ನಾ."

ಐದು ತಿಂಗಳಿಂದ ಮೋತಿಬಿಯ ಮುಂದೆ ಯಾರೂ ದನಿ ಏರಿಸಿರಲಿಲ್ಲ. ಕೆಲಸದಲ್ಲಿ ಹುಳುಕು ಹುಡುಕಿರಲಿಲ್ಲ. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

"ಅರ್ಧ ಹೆಂಗಾಕ್ಕೈತಿ ಆಯಿ? ನಾ ಬಂದಾಗ ನಿನ್ನ ಮಗಾ ಇನ್ನೂ ಹಲ್ಲ ತಿಕ್ಕಾಕತ್ತಿದ್ದ. ಮುಕ್ಕಾಲು ಹಿಡಿ."

ರೊಟ್ಟಿಗೆಂದು ಬಂದ ಮುಯ್ಯಾಳು ಒಬ್ಬ ನಕ್ಕುಬಿಟ್ಟ. ತಿರಕಪ್ಪ ಎತ್ತಲೋ ನೋಡಿದ.

"ಅರ್ಧ," ಎಂದಳು ಫಕ್ಕೀರವ್ವ. "ಮತ್ತ ಒಬ್ಬಾಕೀನ ಇಲ್ಲ್ಯಾಕ ನಿಂತಿ? ಒಂದ ಹಾರಿಗೆ ಹೆಂಟಿ ಏಳತೈತೇನ? ಉಂಡು ಅವರ ಕೂಡ ಹೋಗಿ ನಿಂದ್ರು. ಬೇರ ನೀ ಆರಸು. ಗೆಣ್ಣ ಬಿಟ್ಟೀ ಅಂದ್ರ ನೋಡು ಮತ್ತ."

"ಮಂದಿ ಏನಂದಾರು, ಎವ್ವಾ," ಎಂದ ತಿರಕಪ್ಪ.

"ಮಂದಿ ಬಂದು ಕರಕಿ ಕಡಿತಾರೇನ ನಿನ್ನ ಹೊಲದಾಗ?"

ಹೀಗೆ ಎರಡು ದಿನದ ಮುಯ್ಯಿಗೆ ಮೋತಿಬಿ ಮೂರು ದಿನ ದುಡಿದಳು. ಮೊದಲ ದಿನ ಅರ್ಧ, ಎರಡನೆಯ ದಿನ ಬಹಳ ಜಗಳವಾಗಿ ಮುಕ್ಕಾಲು. ಮೂರನೆಯ ದಿನ ಫಕ್ಕೀರವ್ವ ಬದುವಿನ ಮೇಲೆ ಕೂತು ಬೇರುಗಳ ಗುಪ್ಪೆಯಿಂದ ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ ಇಟ್ಟಳು. ಎಲ್ಲವೂ ಗೆಣ್ಣು ಸಮೇತ ಬಂದಿದ್ದವು.

"ಆತು. ಉಳದ ಮುಕ್ಕಾಲೂ ಬಂತು. ಮರ್ದಾನಸಾಬಂದು ಮುಗೀತು," ಎಂದು ಕೈಯ ಮಣ್ಣು ಕೊಡವಿದಳು.

ಗಂಡಸರು ಹಾರಿಗಳನ್ನು ಹೆಗಲಿಗೇರಿಸಿ ಊರ ದಾರಿ ಹಿಡಿದರು. ಮೋತಿಬಿ ಒಂದು ಹೆಂಟೆಯ ಮೇಲೆ ಕೂತಳು. ಹಗುರಾಗಬೇಕಿತ್ತು. ಆಗಲಿಲ್ಲ. ಈ ಮೂರು ದಿನವೂ ಅವನ ಹೆಸರು ಈ ಹೊಲದಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಮರ್ದಾನಸಾಬಂದು ಇಷ್ಟು ಐತಿ, ಮರ್ದಾನಸಾಬಂದು ಇನ್ನೂ ಬಾಕಿ ಐತಿ ಎಂದು, ಅವನು ಗಾಯರಾಣಕ್ಕೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎನ್ನುವ ಹಾಗೆ. ಅವನಿಂದ ಇಸಿದುಕೊಳ್ಳಬೇಕಾದವರು ಇನ್ನು ಊರಲ್ಲಿ ಯಾರೂ ಇರಲಿಲ್ಲ. ತೀರಿಸಿದವಳು ತಾನೇ. ದನಗಳು ಮೇದು ಊರ ಕಡೆಗೆ ತಿರುಗಿದ್ದವು, ಅವು ಎಬ್ಬಿಸಿದ ಧೂಳು ದಾರಿಯ ಮೇಲೆ ಹಾಗೇ ನಿಂತಿತ್ತು. ಅವಳು ಬಹಳ ಹೊತ್ತು ಅದನ್ನು ನೋಡುತ್ತ ಕೂತಳು.

ಆಮೇಲೆ ಎದ್ದು, ಕಡಿಯದೆ ಉಳಿದ ನೆಲಕ್ಕೆ ಹೋಗಿ ಹಾರಿ ಇಳಿಸಿದಳು.

"ಏ, ಮುಗೀತಂತ ಹೇಳಿದ್ನಲ್ಲ," ಎಂದಳು ಫಕ್ಕೀರವ್ವ ಬದುವಿನಿಂದ. "ಇದು ಯಾರದು?"

"ನಂದು."

ಮುದುಕಿ ಸೂರ್ಯನನ್ನು ನೋಡಿದಳು.

"ಹೊತ್ತ ಮುಳಗಾಕ ಗೇಣ ಉಳದೈತಿ. ಕಾಲ ದಿನಾನೂ ಆಗಾಂಗಿಲ್ಲ ಅದು."

"ಎಷ್ಟ ಆಕ್ಕೈತೋ ಅಷ್ಟ ಹಿಡಿ. ನಾಡಿದ್ದ ನನಗ ಗಾಡಿ ಬೇಕು."

"ಗಾಡಿಗೆ ಮೂರ ದಿನ."

"ಗೊತ್ತೈತಿ."

"ಬೆಳ್ಯಾಗಿನ ಸದಿ ತಗಿಯಾಕ ಕರೀತೀನಿ ಮತ್ತ. ಆಗ ನೆವಾ ಹೇಳಬ್ಯಾಡ."

"ಕರಿ."

ಫಕ್ಕೀರವ್ವ ಏಳಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಲ್ಲೇ ಕೂತಳು. ಮೋತಿಬಿ ಹಾರಿಯ ಮೇಲೆ ಭಾರ ಬಿಟ್ಟಳು. ಹೆಂಟೆ ಅಲುಗಿತು, ಏಳಲಿಲ್ಲ. ಹಾರಿ ಕಿತ್ತು, ಇನ್ನೊಂದು ಬದಿಯ ಬಿರುಕಿಗೆ ಇಳಿಸಿದಳು.