ದೇವೀರಮ್ಮನ ಮನಿಯಾರ್ಡರ್ ಬಾವಿ

ಹೆಮ್ಮರಗಾಲದ ದೇವೀರಮ್ಮನ ಮನೆಗೆ ಅಂಚೆಯವನು ಬಂದನೆಂದರೆ ಅವನ ಬೆನ್ನಿಗೇ ನೆಂಟರೂ ಬರುತ್ತಿದ್ದರು. ಮಗ ಚಿಕ್ಕಸ್ವಾಮಿ ಕೋಲಾರದ ಚಿನ್ನದ ಗಣಿಯಲ್ಲಿ ಕೂಲಿ. ಅವನ ಮನಿಯಾರ್ಡರ್ ಕೈಸೇರಿದ ವಾರದಲ್ಲೇ ಮುದುಕಿ ಮಾರಮ್ಮನ ಹೆಸರಲ್ಲಿ ಪರವೆಂಬ ಹರಕೆಯೂಟ ಮಾಡಿ, ಮರಿ ಕಡಿದು, ಬಂದವರಿಗೆಲ್ಲ ಬಾಡೂಟ ಹಾಕುತ್ತಿದ್ದಳು. ಎರಡು ವರ್ಷದಲ್ಲಿ ಐದು ಪರ! ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಹಾಗಾಯಿತು. ಉಂಡವರು ಹೊಗಳಿದರು, ಮುದುಕಿ ಉಬ್ಬಿದಳು, ಹೊಲ ಮಾತ್ರ ಮಳೆ ಕಾಯುತ್ತಾ ಬಿದ್ದಿತ್ತು.

ಆರನೆಯ ಮನಿಯಾರ್ಡರ್ ಬಂದ ದಿನ ಪಕ್ಕದ ಮನೆಯ ಚಿನ್ನಮ್ಮ ಜಗಲಿಗೆ ಬಂದು ಕೂತಳು. ಕಳಲೆ ಊರಿನ ಅವಳ ತಮ್ಮನೂ ಗಣಿಗೆ ಹೋಗಿದ್ದವನೇ. ಆ ದುಡ್ಡಲ್ಲಿ ಬಾವಿ ತೋಡಿಸಿ, ಈಗ ಊರಲ್ಲೇ ರಸಬಾಳೆ ಬೆಳೆಯುತ್ತಿದ್ದ.

"ದೇವೀರಕ್ಕ, ಈ ಸಲ ನೀನೂ ಬಾವಿ ತೋಡ್ಸು."

"ಅಯ್ಯೋ, ಪರ ನಿಲ್ಸುದ್ರೆ ಮಾರಮ್ಮ ಮುನುಸ್ಕೊಂಡಾಳು ಕಣಮ್ಮಿ! ನೆಂಟ್ರು ಏನಂದಾರು?"

"ಮಾರಮ್ಮಂಗೆ ಒಂದು ತೆಂಗಿನ್ಕಾಯಿ ಸಾಕು. ಮರಿ ಕೇಳೋದು ನೆಂಟ್ರ ಒಟ್ಟೆ! ನಿನ್ ಮಗ ಅಲ್ಲಿ ಕತ್ಲೇಲಿ ನೆಲ ಅಗೀತಾವ್ನೆ. ಆ ದುಡ್ನಲ್ಲಿ ನಿನ್ ಒಲಾನೇ ಅಗ್ಸುದ್ರೆ ಅವ್ನು ಮನೇಗ್ ಬತ್ತಾನೆ. ಪರಾನೇ ಮಾಡ್ತಾ ಕೂತ್ರೆ, ಮುದ್ಕ ಆಗೋಗಂಟ ಅಲ್ಲೇ ಇರ್ಬೇಕು."

ಮುದುಕಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮಗನ ಮುಖ ನೋಡಿ ಎರಡು ವರ್ಷವಾಗಿತ್ತು. ಮರುದಿನವೇ ಬಾವಿ ತೋಡುವ ಸಿದ್ದಯ್ಯನಿಗೆ ಹೇಳಿಕಳಿಸಿದಳು.

ಪರವೆಂದು ಬಂದ ನೆಂಟರಿಗೆ ಹೊಲದಲ್ಲಿ ಕಂಡಿದ್ದು ಮಣ್ಣಿನ ಗುಡ್ಡೆ.

"ಬಾಡೆಲ್ಲಿ ಅತ್ಗೆಮ್ಮ?" ಎಂದ ಮೈದುನ ಚೆಲುವಯ್ಯ.

ದೇವೀರಮ್ಮ ಮಣ್ಣು ತುಂಬಿದ ಮಂಕರಿ ಬುಟ್ಟಿಯನ್ನು ಅವನ ತಲೆಗೇ ಎತ್ತಿಟ್ಟಳು. "ಮೊದ್ಲು ಇದ ಒರು. ಆಮ್ಯಾಕೆ ಮುದ್ದೆ ಉಣ್ಣು!"

ಅರ್ಧ ಜನ ಬಂದ ದಾರಿ ಹಿಡಿದರು. ಉಳಿದವರು ನಾಚಿ ಮಂಕರಿ ಹಿಡಿದರು. ನಡುವೆ ಬಂಡೆ ಸಿಕ್ಕಿ, ಏಳನೆಯ ಮನಿಯಾರ್ಡರ್ ಕೂಡ ಬಾವಿಗೇ ಹೋಯಿತು. ದೇವೀರಮ್ಮ ಜಗ್ಗಲಿಲ್ಲ. ಇಪ್ಪತ್ತು ಮೊಳದ ಆಳದಿಂದ ಒಂದು ದಿನ ಸಿದ್ದಯ್ಯ ಕೂಗಿದ: "ಗಂಗಮ್ಮ ಬಂದ್ಲು ಕಣವ್ವೋ!" ಮುದುಕಿ ನಕ್ಕಳು, ಅತ್ತಳು. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದವನು ಚೆಲುವಯ್ಯ, ಮಣ್ಣು ಹೊತ್ತವನಲ್ಲವೇ!

ಬಾವಿ ನೀರಲ್ಲಿ ನೆಟ್ಟ ರಸಬಾಳೆ ಮರುವರ್ಷ ಗೊನೆ ಬಿಟ್ಟಿತು. ಮೊದಲ ಗೊನೆ ಕಡಿದವನು ಗಣಿ ಬಿಟ್ಟು ಊರಿಗೆ ಬಂದ ಚಿಕ್ಕಸ್ವಾಮಿ. ಮತ್ತೆ ಅವನು ಗಣಿಗೆ ಹೋಗಲಿಲ್ಲ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರೂ ದೂರದಲ್ಲಿ ದುಡಿಯುತ್ತಿದ್ದಾರೆಯೇ? ಈ ಸಲ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತುವ ಮೊದಲೇ ತೀರ್ಮಾನಿಸಿ. ಬಾವಿಗೋ, ಎತ್ತಿಗೋ, ಮಗುವಿನ ಓದಿಗೋ ಒಂದು ಪಾಲು ಎತ್ತಿಡಿ. ಉಂಡ ಬಾಡು ಮರುದಿನಕ್ಕೆ ಉಳಿಯದು. ತೋಡಿದ ಬಾವಿ ನಿಮ್ಮ ಮಗನನ್ನು ಮನೆಗೆ ಕರೆತಂದೀತು.