ಮಲಗಿದ ಕೂಸನ್ನು ಚಿವುಟುತ್ತಿದ್ದ ನಸೀರಾ

ಆರು ವರ್ಷವಾದರೂ ಮಾತಾಡದ ಮಗುವಿಗೆ ಓಣಿಯ ಜನ ತಾವೇ ಒಂದು ಹೆಸರು ಇಡುತ್ತಾರೆ. ನಸೀರಾಳಿಗೂ ಇಟ್ಟಿದ್ದರು. ಮೂಗಿ ಅನ್ನುತ್ತಿದ್ದರು.

ನಿಜವಾಗಿ ಅವಳು ಮೂಗಿಯಾಗಿರಲಿಲ್ಲ. ಪಾನಿ, ರೋಟಿ, ಅಬ್ಬಾ, ಬೇಡ ಎನ್ನಲು ನಕೋ, ಹೀಗೆ ನಾಲ್ಕೈದು ಮಾತು ಬರುತ್ತಿದ್ದವು. ಅವಳ ವಯಸ್ಸಿನ ಹುಡುಗಿಯರು ಓಣಿಯಲ್ಲಿ ಕುಂಟಾಟ ಆಡುವಾಗ ಅವಳು ಬಾಗಿಲಿಗೆ ಒರಗಿ ಕುಳಿತು ಮನೆಯೊಳಗಿನವರನ್ನೇ ನೋಡುತ್ತಿದ್ದಳು. ಎಲ್ಲಾದರೂ ಪಾತ್ರೆ ಬಿದ್ದರೆ ಅವಳ ಮೈಯೆಲ್ಲ ನಡುಗುತ್ತಿತ್ತು. ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ರೊಟ್ಟಿಯ ಚೂರುಗಳನ್ನು ಕೌದಿಯ ಮಡಿಕೆಯೊಳಗೆ ಅಡಗಿಸಿ ಇಡುತ್ತಿದ್ದಳು. ಇರುವೆ ಹತ್ತಿದಾಗಲೇ ಮನೆಯವರಿಗೆ ಗೊತ್ತಾಗುತ್ತಿತ್ತು. ಓದಲು ಕಳಿಸಿದರೆ ಮೌಲವಿಗಳು ಎಂಟು ದಿನ ನೋಡಿ, ಮುಂದಿನ ವರ್ಷ ಕರಕೊಂಡು ಬರ್ರಿ ಎಂದು ಮರಳಿ ಕಳಿಸಿದ್ದರು.

ಇದು ೧೯೪೧ನೇ ಇಸವಿಯ ಮಾತು. ನಸೀರಾಳ ತಂದೆ ಅಮೀರಸಾಬ ಹಳಿಯಾಳದವನು. ಕುಳಗಿಯ ಕಾಡಿನಲ್ಲಿ ಕಡಿದ ಸಾಗವಾನಿ ದಿಮ್ಮಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ ದಾಂಡೇಲಿ ಸ್ಟೇಶನ್ನಿಗೆ ಮುಟ್ಟಿಸುವುದು ಅವನ ಕೆಲಸ. ನಸೀರಾಳ ತಾಯಿ ಸಕೀನಾ ಮೂರು ವರ್ಷದ ಹಿಂದೆ ಜ್ವರದಿಂದ ತೀರಿಕೊಂಡಿದ್ದಳು. ಅಮೀರಸಾಬ ಮುಂದೆ ಸಿರಾಜುನ್ನಿಸಾಳನ್ನು ಮದುವೆಯಾದ. ಅವಳಿಗೆ ಈಗ ಎರಡು ತಿಂಗಳ ಗಂಡು ಕೂಸು, ಹೆಸರು ಮನ್ಸೂರ. ಮನೆ ನಡೆಸುವವಳು ಅಮೀರಸಾಬನ ತಾಯಿ ಖಾಜಾಬಿ.

ಸಿರಾಜುನ್ನಿಸಾ ಕೆಟ್ಟ ಹೆಂಗಸಲ್ಲ. ಮಲಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು, ಬಿಸಿ ರೊಟ್ಟಿ ಮೊದಲು ಅವಳಿಗೇ ಹಾಕುತ್ತಿದ್ದಳು. ಆದರೆ ಕೂಸು ಹುಟ್ಟಿದ ಮೇಲೆ ಮನೆಯಲ್ಲಿ ಹೊಸ ಕಾಟ ಸುರುವಾಯಿತು. ಮಧ್ಯಾಹ್ನ ಕೂಸು ನಿದ್ದೆ ಹೋಯಿತು ಎನ್ನುವಷ್ಟರಲ್ಲಿ ನಸೀರಾ ತೊಟ್ಟಿಲ ಹತ್ತಿರ ಹೋಗಿ ಅದನ್ನು ಚಿವುಟುತ್ತಿದ್ದಳು. ಕೂಸು ಕಿರುಚಿ ಏಳುತ್ತಿತ್ತು. ಬೈದರು, ಹೊಡೆದರು, ಕೈಗೆ ಬಟ್ಟೆ ಸುತ್ತಿ ಕಟ್ಟಿದರು. ಬಿಚ್ಚಿದೊಡನೆ ಮತ್ತೆ ಅದೇ. ಒಂದು ದಿನ ಕೂಸಿನ ತೊಡೆಯಲ್ಲಿ ರಕ್ತ ಬಂತು.

ಅವತ್ತು ಖಾಜಾಬಿ ತೀರ್ಮಾನ ಮಾಡಿದಳು. ಮುಂಡಗೋಡದಲ್ಲಿ ತನ್ನ ತಂಗಿ ಇದ್ದಾಳೆ, ಶುಕ್ರವಾರ ಕಳೆದ ಮೇಲೆ ಹುಡುಗಿಯನ್ನು ಅಲ್ಲಿಗೆ ಬಿಟ್ಟು ಬರುವುದು. ದರ್ಗಾಕ್ಕೆ ಒಯ್ದದ್ದಾಯಿತು, ತಾಯತ ಕಟ್ಟಿದ್ದಾಯಿತು, ಇನ್ನು ಕೂಸಿನ ಜೀವ ಉಳಿಯಬೇಕು ಎಂದಳು. ಅಮೀರಸಾಬ ಎತ್ತಿಗೆ ಹುಲ್ಲು ಹಾಕಲು ಎದ್ದು ಹೊರಗೆ ಹೋದ.

ಮರುದಿನ ದವಾಖಾನೆಯ ನರ್ಸ್ ನೀಲಕ್ಕ ಕೂಸನ್ನು ನೋಡಲು ಬಂದಳು. ಮನ್ಸೂರನ ಹೆರಿಗೆ ಮಾಡಿಸಿದವಳು ಅವಳೇ. ಹಳಿಯಾಳದ ಕಡೆಯ ಒಕ್ಕಲು ಮನೆತನದವಳು. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಎರಡು ವರ್ಷ ಮುಂಬಯಿಯಲ್ಲಿ ಕೆಲಸ ಮಾಡಿ ಬಂದಿದ್ದಳು. ಅಲ್ಲಿ ಅವಳು ಇದ್ದ ದವಾಖಾನೆಯಲ್ಲಿ ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳನ್ನು ನೋಡುವ ಡಾಕ್ಟರೊಬ್ಬರು ಇದ್ದರು.

ನೀಲಕ್ಕ ಕೂಸಿನ ತೊಡೆಯ ಮೇಲಿನ ಉಗುರಿನ ಗುರುತು ನೋಡಿ ಏನೆಂದು ಕೇಳಿದಳು. ಸಿರಾಜುನ್ನಿಸಾ ಅತ್ತುಕೊಂಡು ಎಲ್ಲ ಹೇಳಿದಳು. ಹುಡುಗಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಎಂದಳು. ಇವತ್ತು ನನಗೆ ಬೇರೆ ಕೆಲಸ ಇಲ್ಲ, ಸ್ವಲ್ಪ ಹೊತ್ತು ಕೂಡ್ತೇನಿ ಎಂದು ನೀಲಕ್ಕ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಳು.

ಕೂಸು ಎಚ್ಚರ ಇರುವಷ್ಟು ಹೊತ್ತು ನಸೀರಾ ಅದರ ಗೊಡವೆಗೆ ಹೋಗಲಿಲ್ಲ. ಒಮ್ಮೆ ಅದರ ಕಾಲಿಗೆ ಕೂತ ನೊಣ ಓಡಿಸಿದಳು. ಕೂಸು ಕಣ್ಣು ಮುಚ್ಚಿತು. ನಸೀರಾ ಎದ್ದಳು. ತೊಟ್ಟಿಲಿಗೆ ಬಗ್ಗಿ ತನ್ನ ಮುಖವನ್ನು ಕೂಸಿನ ಮುಖದ ಹತ್ತಿರ ಒಯ್ದಳು. ಬಹಳ ಹೊತ್ತು ನೋಡಿದಳು. ಅವಳ ತುಟಿ ಬಿಳುಚಿಕೊಂಡವು. ಆಮೇಲೆ ಚಿವುಟಿದಳು. ಕೂಸು ಅತ್ತಿತು. ಅಳು ಕೇಳಿದ ಕೂಡಲೇ ಹುಡುಗಿ ದೊಡ್ಡದಾಗಿ ಉಸಿರು ಬಿಟ್ಟು ಅಲ್ಲೇ ನೆಲಕ್ಕೆ ಕುಸಿದು ಕುಳಿತಳು.

ಹೊಡೆಯಲು ಎದ್ದ ಖಾಜಾಬಿಯ ಕೈಯನ್ನು ನೀಲಕ್ಕ ಹಿಡಿದಳು.

"ಅವ್ವಾ, ಇದು ಹೊಟ್ಟೆಕಿಚ್ಚಲ್ಲ. ಕೂಸು ಸತ್ತೈತೇನೋ ಅಂತ ಅಂಜತಾಳ. ಬದುಕೈತಿ ಅಂತ ತಿಳ್ಕೊಳ್ಳಾಕ ಚಿವುಟತಾಳ."

ಸಂಜೆಯ ಮುಂದೆ ಅಮೀರಸಾಬ ಗಾಡಿ ಬಿಟ್ಟು ಮನೆಗೆ ಬಂದ. ನೀಲಕ್ಕ ಅವನನ್ನು ಅಂಗಳಕ್ಕೆ ಕರೆದು, ಸಕೀನಾ ತೀರಿಕೊಂಡಾಗ ನಸೀರಾ ಎಲ್ಲಿದ್ದಳು ಎಂದು ಕೇಳಿದಳು. ಅವನು ಎತ್ತಿನ ಹಗ್ಗ ಬಿಗಿಯತೊಡಗಿದ. ಕಡೆಗೆ ಅವನು ಹಗ್ಗ ಬಿಟ್ಟು ಕಟ್ಟೆಯ ಮೇಲೆ ಕುಳಿತು ಹೇಳಿದ. ಮೂರು ವರ್ಷದಲ್ಲಿ ತಾಯಿಗೂ ಹೇಳಿರದ ಮಾತು ಅದು.

ಆ ವರ್ಷ ಅವನು ಹೆಂಡತಿ ಮಗಳನ್ನು ಕರೆದುಕೊಂಡು ಕುಳಗಿಯ ಹತ್ತಿರ ಗಾಡಿಯವರ ಗುಡಿಸಲಲ್ಲಿ ಇದ್ದ. ಮೊಹರಂಗೆಂದು ಉಳಿದವರೆಲ್ಲ ಊರಿಗೆ ಹೋಗಿದ್ದರು. ಸಕೀನಾಳಿಗೆ ಎರಡು ದಿನದಿಂದ ಚಳಿಜ್ವರ. ಒಂದೇ ಖೇಪು ದಿಮ್ಮಿ ಮುಟ್ಟಿಸಿ ನಾಳೆ ಬರುತ್ತೇನೆ ಎಂದು ಹೊರಟ. ದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು. ಅವನು ತಿರುಗಿ ಬಂದದ್ದು ಮೂರನೇ ದಿನ ಮಧ್ಯಾಹ್ನ.

"ಆಕಿ ಮೊದಲನೇ ದಿನಾನ ಹೋಗಿದ್ಲಂತ ಕಾಣ್ತೈತ್ರಿ ಬಾಯಾರ," ಎಂದ ಅಮೀರಸಾಬ. "ಹುಡುಗಿ ಬಾಜೂಕ ಕುಂತಿತ್ತು. ಅಳತಿರಲಿಲ್ಲ. ನಾ ಎತ್ತಿಕೊಂಡ್ರ ಕೈ ಬಿಡಿಸಿಕೊಂಡು ಮತ್ತ ಆಕಿ ಕಡೆನ ಹೋತು. ಜ್ವರ ಇದ್ದದ್ದು ನನಗ ಗೊತ್ತಿತ್ತು. ಗೊತ್ತಿದ್ದೂ ಹೋದೆ."

ಬಾಗಿಲಲ್ಲಿ ನಿಂತಿದ್ದ ಖಾಜಾಬಿಗೆ ಎಲ್ಲ ಕೇಳಿಸಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ಅವಳ ಸಂಶಯ ಹೋಗಲಿಲ್ಲ. ಮೂರು ವರ್ಷದ ಕೂಸಿಗೆ ಏನು ನೆನಪಿರುತ್ತದೆ ಎಂದು ಕೇಳಿದಳು. ತಾನೂ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು, ತನಗೇನು ಮಾತು ನಿಂತಿತೇ ಎಂದಳು.

ನೀಲಕ್ಕ ಮೆಲ್ಲಗೆ ತಿಳಿಸಿ ಹೇಳಿದಳು. "ಅವ್ವಾ, ನೀವು ಅತ್ತಾಗ ನಿಮ್ಮನ್ನ ತಬ್ಬಿಕೊಳ್ಳಾಕ ಮಂದಿ ಇದ್ರು. ಆಕಿ ಹತ್ರ ಯಾರಿದ್ರು? ಅಷ್ಟು ಸಣ್ಣ ಕೂಸಿಗೆ ಆದದ್ದನ್ನ ಹೇಳಾಕ ಮಾತು ಇರೂದಿಲ್ಲ. ಹೇಳಾಕ ಬರೂದಿಲ್ಲಂದ್ರ ಮರತೈತಿ ಅಂತಲ್ಲ. ಮೈ ನೆನಪಿಟ್ಟಿರತೈತಿ. ಇವತ್ತಿಗೂ ಆಕಿ ಆ ಗುಡಿಸಲದಾಗ ಕುಂತಾಳ. ಹಗಲೆಲ್ಲಾ ಯಾರು ಸಾಯ್ತಾರೋ ಅಂತ ಕಾವಲು ಕಾಯೋ ಹುಡುಗಿಗೆ ಮಾತು ಕಲಿಯಾಕ, ಲೆಕ್ಕ ಕಲಿಯಾಕ ಪುರಸೊತ್ತು ಎಲ್ಲೈತಿ?"

ಮುಂಡಗೋಡಕ್ಕೆ ಕಳಿಸಿದರೆ ಅವಳ ಪಾಲಿಗೆ ಇನ್ನೊಬ್ಬ ತಾಯಿ ಹೋದಂತೆ ಎಂದೂ ನೀಲಕ್ಕ ಹೇಳಿದಳು. ಮುಂಬಯಿಯಲ್ಲಿ ತಾನು ನೋಡಿ ಕಲಿತದ್ದನ್ನು ಇಲ್ಲಿ ಮಾಡುತ್ತೇನೆ, ಎಷ್ಟು ಗುಣವಾಗುತ್ತದೆ ಎಂದು ಮಾತು ಕೊಡಲಾರೆ, ಆರು ತಿಂಗಳು ಬಿಡಿ ಎಂದಳು. ತಾಯತ ಬಿಚ್ಚಬೇಕೇ ಎಂದು ಖಾಜಾಬಿ ಕೇಳಿದಳು. ಅದು ಇರಲಿ, ಹೊಡೆಯುವುದು ಮಾತ್ರ ನಿಲ್ಲಲಿ ಎಂದಳು ನೀಲಕ್ಕ. ಸಿರಾಜುನ್ನಿಸಾ ಅತ್ತೆಯ ಮುಖ ನೋಡಿದಳು. ಖಾಜಾಬಿ ಹೂಂ ಎಂದಳು. ಮನಸ್ಸಿಲ್ಲದ ಹೂಂ ಅದು.

ವಾರಕ್ಕೆ ಎರಡು ದಿನ, ಒಂದೇ ಹೊತ್ತಿಗೆ, ನೀಲಕ್ಕನ ಮನೆಯ ಪಡಸಾಲೆಯಲ್ಲಿ ಈ ಕೆಲಸ ನಡೆಯಿತು. ಔಷಧ ಇಲ್ಲ, ಸೂಜಿ ಇಲ್ಲ. ಹಳೇ ಸೀರೆಯಲ್ಲಿ ಹೊಲಿದ ನಾಲ್ಕು ಗೊಂಬೆ, ಒಂದು ಚಿಕ್ಕ ತಟ್ಟೆ, ಬಟ್ಟೆಯ ತುಂಡು, ನೀರು, ಮಣ್ಣು. ನಸೀರಾ ಏನು ಆಡುತ್ತಾಳೋ ಆಡಲಿ. ನೀಲಕ್ಕ ಹತ್ತಿರ ಕುಳಿತು ನೋಡುವಳು, ಒತ್ತಾಯ ಮಾಡಳು. ಹುಡುಗಿಗೆ ಹೇಳಲು ಬಾರದ್ದನ್ನು ಮೆಲ್ಲಗೆ ಹೇಳುವಳು. ಈ ಗೊಂಬೆಗೆ ಅಂಜಿಕೆ ಆಗೇತಿ. ಈ ಗೊಂಬೆ ಒಬ್ಬಾಕಿನ ಐತಿ.

ಮನೆಯವರಿಗೂ ಕೆಲಸ ಹೇಳಿಕೊಟ್ಟಳು. ಯಾರೇ ಮಲಗಲಿ, ಮಲಗುವ ಮೊದಲು ನಸೀರಾಳಿಗೆ ಹೇಳಬೇಕು. ಗಾಡಿ ಕಟ್ಟುವ ಮೊದಲು ಅಮೀರಸಾಬ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಹೇಳಬೇಕು. ತಡವಾಗುವಂತಿದ್ದರೆ ಹೇಳಿಕಳಿಸಬೇಕು. ರೊಟ್ಟಿ ಕಸಿಯಬಾರದು, ಅವಳದೇ ಒಂದು ಡಬ್ಬಿ ಕೊಡಬೇಕು. ಕೂಸು ನಿದ್ದೆ ಹೋದಾಗ ಸಿರಾಜುನ್ನಿಸಾ ನಸೀರಾಳ ಅಂಗೈಯನ್ನು ಕೂಸಿನ ಎದೆಯ ಮೇಲೆ ಇಡಿಸಿ, ನೋಡು, ಏರತೈತಿ, ಇಳಿತೈತಿ ಎಂದು ತೋರಿಸಬೇಕು.

ಮೊದಲ ಒಂದೂವರೆ ತಿಂಗಳು ಸುಧಾರಿಸುವ ಬದಲು ಹೆಚ್ಚಾಯಿತು. ನಸೀರಾ ಗೊಂಬೆಗಳನ್ನು ಎಸೆದಳು. ನೀಲಕ್ಕನ ಕೈ ಕಚ್ಚಿದಳು. ಮನೆಗೆ ಬಂದು ಗಂಟೆಗಟ್ಟಲೆ ಕಿರುಚಿದಳು. ಒಂದು ಸಲ ಸಿರಾಜುನ್ನಿಸಾ ನೀರಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಕೂಸನ್ನು ಚಿವುಟಿದ್ದಳು. ಖಾಜಾಬಿ ನೀಲಕ್ಕನ ಮನೆಗೆ ಬಂದು, ಆರಿದ ಹುಣ್ಣು ಕೆದಕುತ್ತೀರಿ, ಸಾಕು ಮಾಡಿರಿ ಎಂದಳು. ನೀಲಕ್ಕ ಜಗಳ ಆಡಲಿಲ್ಲ. ಕೀವು ತುಂಬಿದ ಗಾಯವನ್ನು ತೊಳೆಯುವಾಗಲೂ ಉರಿಯುತ್ತದೆ, ಇನ್ನು ಸ್ವಲ್ಪ ದಿನ ತಡೆಯಿರಿ ಎಂದಳು. ಆದರೆ ಅವಳಿಗೂ ಒಳಗೇ ಅಂಜಿಕೆ ಇತ್ತು. ಮುಂಬಯಿಯ ಡಾಕ್ಟರಿಗೆ ಕಾಗದ ಬರೆದು ಕೇಳಿದಳು. ಹುಡುಗಿಯ ವೇಗದಲ್ಲೇ ಹೋಗು, ಒಂದು ದಿನವೂ ತಪ್ಪಿಸಬೇಡ ಎಂದು ಉತ್ತರ ಬಂತು.

ಮೂರನೇ ತಿಂಗಳಲ್ಲಿ ಒಂದು ಮುಂಜಾನೆ ಅಮೀರಸಾಬನೇ ಮಗಳನ್ನು ಕರೆದುಕೊಂಡು ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ. ನಸೀರಾ ದೊಡ್ಡ ಗೊಂಬೆಯನ್ನು ಮಲಗಿಸಿದಳು. ಅದರ ಮೇಲೆ ಬಟ್ಟೆ ಹೊದಿಸಿದಳು. ಬೊಗಸೆಯಲ್ಲಿ ನೀರು ತಂದು ಅದರ ಬಾಯಿಗೆ ಹಾಕಿದಳು. ನೀರು ಇಳಿದು ಹೋಯಿತು. ಮತ್ತೆ ತಂದಳು. ಆಮೇಲೆ ಮಣ್ಣಿನ ಒಂದು ಉಂಡೆ ಮಾಡಿ ಬಾಯಿಯ ಹತ್ತಿರ ಇಟ್ಟಳು. ಗೊಂಬೆಯನ್ನು ಅಲುಗಾಡಿಸಿದಳು, ಚಿವುಟಿದಳು.

"ಉಠೋ ಅಮ್ಮೀ," ಎಂದಳು. ಏಳು ಅಮ್ಮಾ ಎಂದು.

ಅಮೀರಸಾಬ ತಲೆ ತಗ್ಗಿಸಿದ. ಆ ದಿನ ಗುಡಿಸಲಿನಲ್ಲಿ ಸಕೀನಾಳ ಕುಪ್ಪಸ ಒದ್ದೆಯಾಗಿತ್ತು, ಕುತ್ತಿಗೆಯ ಹತ್ತಿರ ರೊಟ್ಟಿಯ ಚೂರು ಬಿದ್ದಿದ್ದವು. ಅದು ಯಾಕೆ ಎಂದು ಅವನಿಗೆ ಇವತ್ತು ತಿಳಿಯಿತು. ಮೂರು ವರ್ಷದ ಮಗಳು ತಾಯಿಯನ್ನು ಉಳಿಸಲು ತನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದ್ದಳು. ತಾಯಿ ಏಳಲಿಲ್ಲ. ತನ್ನಿಂದ ಆಗಲಿಲ್ಲ ಎಂದೇ ಅವಳು ತಿಳಿದುಕೊಂಡಿದ್ದಳು.

ನೀಲಕ್ಕ ಅವನಿಗೆ ಹತ್ತಿರ ಬರಲು ಕೈ ಮಾಡಿದಳು. ಸುಳ್ಳು ಹೇಳಬೇಡಿರಿ, ಇದ್ದದ್ದನ್ನು ಸಣ್ಣ ಮಾತಿನಲ್ಲಿ ಹೇಳಿರಿ ಎಂದಳು. ಅಮೀರಸಾಬ ಮಗಳ ಎದುರು ಕುಳಿತು ಅವರ ಮನೆಮಾತಿನಲ್ಲಿ ಹೇಳಿದ. ಅಮ್ಮಿಗೆ ಭಾರೀ ಜ್ವರ ಬಂದಿತ್ತು. ಜ್ವರದಿಂದ ತೀರಿಹೋದಳು. ತೀರಿಹೋದವರು ಏಳುವುದಿಲ್ಲ. ನೀನು ನೀರು ಕೊಟ್ಟೆ, ರೊಟ್ಟಿ ಕೊಟ್ಟೆ. ನಿನ್ನದು ಏನೂ ತಪ್ಪಿಲ್ಲ. ನಾನು ಬರುವುದು ತಡವಾಯಿತು.

ನಸೀರಾ ಗೊಂಬೆಯ ಬಾಯಿಯ ಹತ್ತಿರದ ಮಣ್ಣಿನ ಉಂಡೆಯನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು. ಅದು ಅವಳು ಕೇಳಿದ ಮೊದಲ ಪ್ರಶ್ನೆ.

"ಅಮ್ಮಿಗೆ ಹಸಿವಾಗಿತ್ತೇನು?"

ಇಲ್ಲ ಎಂದ ಅಮೀರಸಾಬ. ಅವಳಿಗೆ ಇನ್ನು ಎಂದೂ ಹಸಿವಾಗುವುದಿಲ್ಲ ಎಂದ. ಆಗ ನಸೀರಾ ಅತ್ತಳು. ಮೂರು ವರ್ಷದಲ್ಲಿ ಅವಳು ತಾಯಿಗಾಗಿ ಅತ್ತದ್ದು ಅವತ್ತೇ. ತಂದೆಯ ತೊಡೆಯ ಮೇಲೆ ಅಳುತ್ತ ಅಳುತ್ತ ನಿದ್ದೆ ಹೋದಳು. ಮಧ್ಯಾಹ್ನದವರೆಗೂ ಅಮೀರಸಾಬ ಅಲುಗಾಡಲಿಲ್ಲ. ಅವತ್ತು ಗಾಡಿ ಕಟ್ಟಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಬಟ್ಟೆ ಒದ್ದೆಯಾಗುವುದು ನಿಲ್ಲಲು ಇನ್ನೊಂದು ವರ್ಷ ಹಿಡಿಯಿತು. ಮಾತು ಒಂದೊಂದಾಗಿ ಬಂತು, ಕೆಲವು ತೊದಲಿದವು. ಎಂಟನೇ ವರ್ಷಕ್ಕೆ ಓದಲು ಹೋದಳು, ತನಗಿಂತ ಸಣ್ಣವರ ಸಾಲಿನಲ್ಲಿ ಕುಳಿತಳು. ಲೆಕ್ಕ ಅವಳಿಗೆ ಕಡೆಯವರೆಗೂ ಕಷ್ಟವೇ ಆಯಿತು. ಆದರೆ ಚಿವುಟುವುದು ನಿಂತಿತು. ಮನ್ಸೂರ ತೆವಳುವ ಹೊತ್ತಿಗೆ ಅವನನ್ನು ಕಂಕುಳಲ್ಲಿ ಹೊತ್ತು ಓಣಿಯ ತುಂಬ ತಿರುಗಿಸುವವಳು ನಸೀರಾಳೇ ಆದಳು. ಅವಳನ್ನು ಮೂಗಿ ಎಂದು ಕರೆದವರಿಗೆ ಸಿರಾಜುನ್ನಿಸಾಳೇ ಉತ್ತರ ಕೊಡುತ್ತಿದ್ದಳು.

ಖಾಜಾಬಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಆದರೆ ಮುಂದಿನ ವರ್ಷ ಪಕ್ಕದ ಓಣಿಯ ಶಿವಗಂಗವ್ವನ ಮೊಮ್ಮಗ, ಮನೆಗೆ ಬೆಂಕಿ ಬಿದ್ದಾಗಿನಿಂದ ಊಟ ಬಿಟ್ಟಿದ್ದಾನೆ, ಹೊಡೆದರೂ ಉಣ್ಣುವುದಿಲ್ಲ ಎಂದು ಸುದ್ದಿ ಬಂದಾಗ, ಅವಳು ತಾನಾಗಿ ಎದ್ದು ಅವರ ಮನೆಗೆ ಹೋದಳು.

"ಹೊಡಿಬ್ಯಾಡ ಶಿವಗಂಗವ್ವ," ಎಂದಳು. "ನನ್ನ ಮೊಮ್ಮಗಳಿಗೆ ಬಾಳ ಹೊಡದೇನಿ ನಾನು. ನಾಳೆ ಮುಂಜಾನೆ ತಯಾರಾಗು, ನೀಲಕ್ಕನ ಕಡೆ ನಾನ ಕರಕೊಂಡು ಹೋಗ್ತೇನಿ."

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿದ ಮೇಲೆ ನಿಮ್ಮ ಮನೆಯ, ನಿಮ್ಮ ಓಣಿಯ ಮಕ್ಕಳನ್ನು ಒಮ್ಮೆ ನೆನೆಯಿರಿ. ಸಾವು ಕಂಡ ಮಗು ಇರಬಹುದು, ಹೊಡೆತ ಕಂಡದ್ದು ಇರಬಹುದು, ದಿನಗಟ್ಟಲೆ ಒಂಟಿಯಾಗಿ ಬಿದ್ದದ್ದು ಇರಬಹುದು. ಅದು ಮಾತು ಬಿಟ್ಟಿದ್ದರೆ, ಸುಮ್ಮಸುಮ್ಮನೆ ಬೆಚ್ಚುತ್ತಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ, ಬೇರೆ ಮಕ್ಕಳನ್ನು ನೋಯಿಸುತ್ತಿದ್ದರೆ, ಹಟಮಾರಿ ಎಂದು ಬಡಿಯಬೇಡಿರಿ, ಸಣ್ಣದು, ಮರೆಯುತ್ತದೆ ಎಂದು ಬಿಡಲೂ ಬೇಡಿರಿ. ಅದಕ್ಕೆ ಏನಾಗಿದೆ ಎಂದು ವಿಚಾರಿಸಿರಿ. ನೀಲಕ್ಕನ ಕಾಲದಲ್ಲಿ ಕೇಳಲು ಮುಂಬಯಿಗೆ ಕಾಗದ ಬರೆಯಬೇಕಿತ್ತು. ಇವತ್ತು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಸಾಕು, ಮಕ್ಕಳ ಮನಸ್ಸು ನೋಡುವವರ ಹತ್ತಿರ ಹೋಗುವ ದಾರಿ ಅವರು ತೋರಿಸುತ್ತಾರೆ.

ಬಹಳ ದಿನ ಆಗಿಹೋಯಿತು, ಇನ್ನೇನು ಪ್ರಯೋಜನ ಎಂದು ಮಾತ್ರ ಅನ್ನಬೇಡಿರಿ. ನಸೀರಾಳ ಹತ್ತಿರ ಜನ ಬಂದದ್ದು ಮೂರು ವರ್ಷ ತಡವಾಗಿ. ಆದರೂ ಅವಳು ಕಾಯುತ್ತಲೇ ಇದ್ದಳು. ನಿಮ್ಮ ಮಗುವೂ ಕಾಯುತ್ತಿದೆ. ಈ ವಾರವೇ ಹೋಗಿರಿ.